ಉಸಿರು ಎಣಿಸುವ ದಾರಿ

ಹುಬ್ಬಳ್ಳಿ
ಕ್ರಿ.ಶ. 2194, ಹದಿಮೂರನೇ ತಿಂಗಳ ಒಂಬತ್ತನೇ ದಿನ

ರಸ್ತೆಗೆ ಮೊದಲ ಬಿಳಿ ಗೆರೆ ಎಳೆಯುತ್ತಿರುವ ನಮ್ಮ ಮುತ್ತಜ್ಜಂದಿರಿಗೆ,

ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಅವು ಹುಟ್ಟಿದ್ದು ನಿಮ್ಮ ಗೆರೆಯಿಂದಲೇ.

ನೀವು ಕಾರ್‌ಪೂಲ್ ಲೇನ್ ಎಂದದ್ದನ್ನು ನಾವು ಜೊತೆದಾರಿ ಎನ್ನುತ್ತೇವೆ. ಗಾಡಿಯಲ್ಲಿ ಮೂವರಿದ್ದರೆ ಮಾತ್ರ ಅಲ್ಲಿ ಪ್ರವೇಶ. ಕಡಿಮೆಯಿದ್ದರೆ ಪಕ್ಕದ ತೆವಳುದಾರಿ. ಅದರಲ್ಲಿ ಧಾರವಾಡ ಮುಟ್ಟುವಷ್ಟರಲ್ಲಿ ಕಟ್ಟಿಕೊಂಡ ಬುತ್ತಿ ಹಳಸುತ್ತದೆ. ಹಿಂದೆ ಜನ ಸೀಟಿನಲ್ಲಿ ಗೊಂಬೆ ಕೂರಿಸಿ ಕಣ್ಣಿಗೆ ಮಣ್ಣೆರಚುತ್ತಿದ್ದರಂತೆ. ಅದಕ್ಕೇ ಈಗ ಜೊತೆದಾರಿಗೆ ಅಡ್ಡಲಾಗಿರುವ ಪ್ರತಿ ಗೇಟಿನ ಕಮಾನಿಗೂ ಉಸಿರೆಣಿಕೆ ಇದೆ, ಅಂದರೆ ಗಾಡಿಯೊಳಗೆ ಎಷ್ಟು ಜನ ಉಸಿರಾಡುತ್ತಿದ್ದಾರೆಂದು ನೋಡುವ ಯಂತ್ರ. ತುಂಬು ಬಸುರಿಯೂ ಅದಕ್ಕೆ ಒಬ್ಬಳೇ. ಗೊಂಬೆಗಳು ಹೋದವು, ನಾವು ಬಂದೆವು. ನಾನು ಫಕೀರವ್ವ, ಭರ್ತಿಯಾಳು. ಸಾಹೇಬರ ಹಿಂದಿನ ಸೀಟಿನಲ್ಲಿ ಕೂತು ಉಸಿರಾಡುವುದೇ ನನ್ನ ಕಸುಬು. ಮಾತಾಡುವಂತಿಲ್ಲ, ನಡುವೆ ಇಳಿಯುವಂತಿಲ್ಲ. ರಸ್ತೆಯ ಗದ್ದಲ ಇಳಿಯಲೆಂದು ನೀವು ಮಾಡಿದ ದಾರಿಯಲ್ಲಿ ಎಲ್ಲಿಗೂ ಹೋಗಬೇಕಿಲ್ಲದ ನಾವು ಇಪ್ಪತ್ತು ವರ್ಷ ಓಡಾಡಿದೆವು. ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ನನ್ನ ಗಂಡ ನೀಲಪ್ಪನಿಗೆ ಎದೆನೋವು ಬಂತು. ಆಂಬುಲೆನ್ಸ್ ತೆವಳುದಾರಿಯಲ್ಲಿ ಸಿಕ್ಕಿಬಿದ್ದಿತ್ತು. ರೋಗಿ ಹತ್ತುವ ತನಕ ಅದರಲ್ಲಿ ಇಬ್ಬರೇ ತಾನೇ! ಪಕ್ಕದ ಮನೆಯ ದಾವಲಸಾಬ ತನ್ನ ಗಾಡಿ ತೆಗೆದ. ಮೂವರಾದೆವು, ಜೊತೆದಾರಿ ಸಿಕ್ಕಿತು. ನವನಗರದ ಕಮಾನಿನ ಹತ್ತಿರ ನೀಲಪ್ಪನ ಉಸಿರು ನಿಂತಿತು. ಯಂತ್ರ ಇಬ್ಬರೆಂದು ಕೂಗಿತು, ಗೇಟು ಬಿತ್ತು. ನಾನು ಅವನ ಎದೆ ಒತ್ತತೊಡಗಿದೆ. ದಾವಲಸಾಬ ಇಳಿದು ಕಾವಲುಗಾರನ ಕೈ ಹಿಡಿದುಕೊಂಡ.

“ಯಪ್ಪಾ, ದವಾಖಾನಿ ಅಲ್ಲೇ ಕಾಣಾಕತ್ತೈತಿ, ಬಿಡೋ!”

“ಮೂರು ಮಂದಿ ಇದ್ರ ಬಿಡ್ತೀನ್ರಿ. ಯಾರನ್ನರ ಹತ್ತಿಸ್ಕೊಂಡ ಬರ್ರಿ.”

ಪಕ್ಕದ ಗೇಟಿನಲ್ಲಿ ಸಾಹೇಬರ ಗಾಡಿಗಳು ಸಾಲಾಗಿ ದಾಟುತ್ತಿದ್ದವು. ಒಂದೊಂದರಲ್ಲೂ ನನ್ನ ಜೊತೆಯ ಭರ್ತಿಯಾಳುಗಳು. ಹೆಸರು ಹಿಡಿದು ಕೂಗಿದೆ. ಒಬ್ಬರೂ ಇಳಿಯಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. ಆ ಸೀಟಿನಲ್ಲಿ ಕೂತಿದ್ದರೆ ನಾನೂ ಇಳಿಯುತ್ತಿರಲಿಲ್ಲ. ನಮ್ಮ ಗಾಡಿಯನ್ನು ತೆವಳುದಾರಿಗೆ ತಳ್ಳಿದರು. ದವಾಖಾನೆ ಮುಟ್ಟುವಾಗ ನನ್ನ ಕೈಯೊಳಗಿದ್ದ ಅವನ ಕೈ ತಣ್ಣಗಾಗಿತ್ತು.

ಗೆರೆ ಎಳೆಯಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವವರಲ್ಲ. ನಿಮ್ಮ ನಿಯಮದ ಕಾಗದದಲ್ಲಿ ಇನ್ನೊಂದು ಸಾಲಿಗೆ ಜಾಗವಿದ್ದೀತು. ಸಾಯುತ್ತಿರುವವನನ್ನೂ ಒಬ್ಬ ಮನುಷ್ಯನೆಂದು ಎಣಿಸಬೇಕು ಎಂದು ಬರೆದುಬಿಡಿ.

ನಿಮ್ಮ ಮರಿಮಕ್ಕಳ ಮರಿಮಗಳು,
ಫಕೀರವ್ವ