ಹೊಟ್ಟೆಯಿಂದ ಕತ್ತಿಗೆ ಒಂದೇ ಮೊಳ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಗಂಡನಿಗೆ ಕಿಡ್ನಿ ಕಾಯಿಲೆ ಇದೆಯೆಂದು ತಮ್ಮ ಆಸ್ಪತ್ರೆ ಒಪ್ಪಿಕೊಂಡಿದೆ. ಅವರಿಗೊಂದು ಕತ್ತೂ ಇದೆ ಎಂಬುದನ್ನು ಮಾತ್ರ ಇನ್ನೂ ಒಪ್ಪಿಲ್ಲ. ಈ ಪತ್ರ ಆ ಕತ್ತಿನ ಬಗ್ಗೆ.

ಕಿಡ್ನಿ ಕೆಟ್ಟವರ ರಕ್ತನಾಳಗಳು ವಯಸ್ಸಿಗೆ ಮೊದಲೇ ಗಟ್ಟಿಯಾಗುತ್ತವೆ, ಕತ್ತಿನ ನಾಳವನ್ನು ಸ್ಕ್ಯಾನ್ ಮಾಡಿದರೆ ಅದರ ಸುಳಿವು ಮುಂಚೆಯೇ ಸಿಗಬಹುದು ಎಂದು ನನಗೆ ಹೇಳಿಕೊಟ್ಟಿದ್ದು ತಮ್ಮದೇ ವರಾಂಡದ ಪೋಸ್ಟರ್. ಸರದಿಯಲ್ಲಿ ಕೂತು ಕೂತು ನನಗದು ಬಾಯಿಪಾಠವಾಗಿದೆ. ತಮ್ಮ ಸಿಬ್ಬಂದಿಗೆ ಆ ಗೋಡೆಯ ಕಡೆ ತಿರುಗಲು ಪುರುಸೊತ್ತಿಲ್ಲವೆಂದು ಕಾಣುತ್ತದೆ.

ಕಳೆದ ವಾರ ಇವರು ಸ್ಕ್ಯಾನ್ ಮಂಚದ ಮೇಲೆ ಅಂಗಿ ಎತ್ತಿಕೊಂಡು ಮಲಗಿದ್ದರು. ಕತ್ತು ನೋಡುವ ಸಾಧನ ಅದೇ ಯಂತ್ರದ ಪಕ್ಕದಲ್ಲಿ, ಬಿಚ್ಚದ ಪ್ಲಾಸ್ಟಿಕ್ ಚೀಲದೊಳಗೆ ನೇತಾಡುತ್ತಿತ್ತು.

"ಹಾಗೇ ಕತ್ತೂ ಒಂಚೂರು ನೋಡಿಬಿಡಪ್ಪ" ಎಂದು ಸ್ಕ್ಯಾನ್ ಮಾಡುವವನನ್ನು ಕೇಳಿದೆ.

"ಇದು ಕಿಡ್ನಿ ವಿಭಾಗ ಅಮ್ಮ. ಹೊಟ್ಟೆಯಿಂದ ಮೇಲಕ್ಕೆ ನಮಗೆ ಆರ್ಡರ್ ಇಲ್ಲ. ಲಕ್ಷಣ ಏನಾದ್ರೂ ಬಂದ್ರೆ ಮೇಲಿನ ಮಹಡಿಯವರು ನೋಡ್ತಾರೆ."

"ಲಕ್ಷಣ ಅಂದ್ರೆ ಎಂಥದ್ದು?"

"ಮಾತು ತೊದಲೋದು, ಕೈ ಬಿದ್ದುಹೋಗೋದು, ಅಂಥದ್ದು."

ಎಂಥ ಮುಂದಾಲೋಚನೆ, ಸ್ವಾಮಿ. ಹೊಟ್ಟೆಯಿಂದ ಕತ್ತಿಗೆ ಇರುವುದು ಒಂದೇ ಮೊಳ. ಅದನ್ನು ದಾಟಲು ಮನುಷ್ಯನಿಗೆ ಮೊದಲು ಲಕ್ವ ಹೊಡೆಯಬೇಕೆ? ನನ್ನ ಗಂಡ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಹೊತ್ತು ಸಾರುವವರು. ಅವರ ಮಾತು ತೊದಲಿದ ದಿನ ಇಡೀ ಪ್ಲಾಟ್‌ಫಾರ್ಮಿಗೇ ಲಕ್ಷಣ ತಿಳಿಯುತ್ತದೆ. ಆಗ ತಮಗೂ ಖಾತರಿಯಾದೀತು.

ಇವರ ಅಕ್ಕನಿಗೂ ಇದೇ ಕಾಯಿಲೆ. ತಮ್ಮಲ್ಲಿಗೆ ಬರುವುದನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಹೋದ ವರ್ಷ ಒಂದು ದಿನ "ಕಿಡ್ನಿ ಇದ್ದ ಹಾಗೇ ಇದೆ, ಗಾಬರಿ ಬೇಡ" ಎಂದು ಕಳಿಸಿದಿರಿ. ಮರುದಿನ ಬಚ್ಚಲುಮನೆಯಲ್ಲಿ ಬಿದ್ದರು. ಆಮೇಲೆ ಅವರ ಕತ್ತು ನೋಡಲು ತಮ್ಮವರ ಸಡಗರವೇ ಸಡಗರ! ನಾಳ ಬಹುಪಾಲು ಮುಚ್ಚಿಹೋಗಿತ್ತು. "ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಳಿಂದ ಕಟ್ಟಿಕೊಂಡಿರೋದು. ಏನ್ ಮಾಡ್ತಿದ್ರಿ ಇಷ್ಟು ದಿನ?" ಎಂದು ಮೇಲಿನ ಮಹಡಿಯ ವೈದ್ಯರು ನಮ್ಮನ್ನೇ ಗದರಿದರು. ಏನು ಮಾಡುತ್ತಿದ್ದೆವು? ಕೆಳಗಿನ ಮಹಡಿಯಲ್ಲಿ ಕೂತಿದ್ದೆವು, ಕತ್ತಿನ ಸಮೇತ.

ಈಗ ಅತ್ತಿಗೆಯ ಬಾಯಲ್ಲಿ ಉಳಿದಿರುವುದು "ಆಯ್ತು" ಎಂಬ ಒಂದೇ ಮಾತು. ಊಟ ಬೇಕಾ ಎಂದರೂ ಆಯ್ತು, ನೋವಾ ಎಂದರೂ ಆಯ್ತು. ನಾನು ಮಾಡಿದ ಸಾರಿಗೆ ಒಂದು ದಿನವೂ ಹೆಸರಿಡದೆ ಬಿಟ್ಟವರಲ್ಲ ಅವರು. ಅವರ ಬೈಗುಳಕ್ಕೆ ನನ್ನ ಜೀವ ಹಂಬಲಿಸುತ್ತಿದೆ.

ಸೋಮವಾರ ಇವರ ಸರದಿ. ಕಿಡ್ನಿ ವಿಭಾಗಕ್ಕೆ ಬರುವವರೆಲ್ಲರ ಕತ್ತನ್ನೂ ನೋಡಬೇಕೆಂದು ಅಷ್ಟರೊಳಗೆ ಆರ್ಡರ್ ಹೊರಡಿಸಿ. ಆಗುವುದಿಲ್ಲ, ನಿಯಮ ನಿಯಮವೇ ಎನ್ನುವುದಾದರೆ ಅತ್ತಿಗೆಯನ್ನು ಕರೆತರುತ್ತೇನೆ, ಅವರ ಮುಖ ನೋಡಿ ವಿವರಿಸಿ. ಅವರು ಆಯ್ತು ಎನ್ನುತ್ತಾರೆ. ನಾನು ಅನ್ನುವುದಿಲ್ಲ.

ಇಂತಿ,
ಗಂಡನ ಮಾತು ಸಾಕಪ್ಪಾ ಸಾಕು ಎನ್ನುತ್ತಿದ್ದ, ಈಗ ಹಾಗೆನ್ನಲು ಹೆದರುವ ಒಬ್ಬಳು