ಮೀನು ಮುಟ್ಟುವುದು

ನಗ್ಮಾ,

ಸೂಲಿಬೆಲೆಯ ನಿನ್ನ ಮನೆ ನನಗೆ ಗೊತ್ತು. ಆದರೂ ಇದನ್ನು ಕಳಿಸುವ ಧೈರ್ಯವಿಲ್ಲ.

ಇವತ್ತು ಫ್ಯಾಕ್ಟರಿಯಲ್ಲಿ ಸ್ಕ್ರೂ ಹಾಕುವುದು ಬಿಟ್ಟು ಪಕ್ಕದವಳ ಜೊತೆ ಹರಟುತ್ತಿದ್ದೆ. ಚೀನಾದ ಇಂಜಿನಿಯರ್ ಲಿನ್ ಸರ್ ಬಂದು ನನ್ನನ್ನೇ ನೋಡಿ "ಮೋ ಯೂ" ಎಂದರು. ಹೋದ ವರ್ಷ ನಮ್ಮಿಬ್ಬರ ಬೆನ್ನ ಹಿಂದೆ ನಿಂತು ಅಂದದ್ದೂ ಇದೇ ಮಾತು. ಮೋ ಯೂ ಅಂದರೆ ಮೀನು ಮುಟ್ಟುವುದು. ನಮ್ಮ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುವುದಿಲ್ಲ, ನನಗ್ಯಾಕೆ ಈ ಮಾತು?

ಭಾಷೆ ಬಲ್ಲ ಹೊಸ ಹುಡುಗಿ ಸಿಂಧು ನಕ್ಕಳು. "ಅಯ್ಯೋ ಅಕ್ಕಾ, ಅವರ ಕಡೆ ಮೀನು ಮುಟ್ಟೋದು ಅಂದ್ರೆ ಕೆಲ್ಸ ಬಿಟ್ಟು ಟೈಂಪಾಸ್ ಮಾಡೋದು. ಅಷ್ಟೇ."

ಅಷ್ಟೇ ಅಂತೆ! ಅವತ್ತು ಮೊಬೈಲಿನಲ್ಲಿ ಕಲಿತ ನಾಲ್ಕು ಚೀನೀ ಪದಗಳ ಜಂಬದಲ್ಲಿ, "ಮೀನು ಮುಟ್ಟೋದು ಅಂತಿದಾರೆ ಕಣೇ, ನಿನ್ ಕೈ ವಾಸ್ನೆ ಬಂದಿರ್ಬೇಕು" ಎಂದವಳು ನಾನು. ಅವತ್ತೂ ಹರಟುತ್ತಿದ್ದವಳು ನಾನೇ. ನೀನು ತಲೆಯೆತ್ತದೆ ಕೆಲಸ ಮಾಡುತ್ತಿದ್ದೆ.

ಬೆಳಗಾಗೆದ್ದು ನಿಮ್ಮಪ್ಪನ ಅಂಗಡಿಯಲ್ಲಿ ಮೀನು ಕೊಯ್ದುಕೊಟ್ಟು, ನಿಂಬೆಹಣ್ಣಿನಿಂದ ಕೈ ಉಜ್ಜಿಕೊಂಡು ಕಂಪನಿ ಬಸ್ಸು ಹತ್ತುತ್ತಿದ್ದವಳು ನೀನು. ನನ್ನ ಮಾತು ಕೇಳಿ ನೀನು ಗ್ಲೌಸ್ ಬಿಚ್ಚಿ ಅಂಗೈ ಮೂಸಿಕೊಂಡೆ. ಮೆಲ್ಲಗೆ ಕೇಳಿದೆ: "ನಿಂಗೂ ವಾಸ್ನೆ ಬರುತ್ತೇನೇ?"

ನಾನು ಮುಖ ತಿರುಗಿಸಿ ಸ್ಕ್ರೂ ಎತ್ತಿಕೊಂಡೆ. ಮಾರನೆಯ ದಿನದಿಂದ ನೀನು ಬರಲಿಲ್ಲ.

ಬರುತ್ತಿತ್ತು ನಗ್ಮಾ. ವರ್ಷವಿಡೀ ಬಸ್ಸಿನಲ್ಲಿ ನಿನ್ನ ಪಕ್ಕದಲ್ಲೇ ಕೂತವಳು ನಾನು. ಬರುತ್ತಿದ್ದದ್ದು ಬರೀ ನಿಂಬೆಹಣ್ಣಿನ ವಾಸನೆ.