ಹಿಟ್ಟಿನ ಅಂಟಿನ ಪುಟ

ಮಾಲೂರು
ಬುಧವಾರ, ೫ನೇ ಜೂನ್ ೧೯೪೬

ಪ್ರೀತಿಯ ರತ್ನ,

ಹಿಟ್ಟಿನ ಅಂಟಿನ ಮಾತನ್ನೇ ಎತ್ತದೆ ಈ ಕಾಗದವನ್ನು ಮುಗಿಸಿಬಿಡುವವಳಿದ್ದೆ. ನಿನ್ನ ಕೈಕೆಲಸದ ಪುಸ್ತಕಕ್ಕೆ ಬೇಕಾದ ಉಳಿದದ್ದನ್ನೆಲ್ಲ ಬರೆದು ಲಕೋಟೆಗೆ ಹಾಕಿದ್ದೂ ಆಗಿತ್ತು. ಮುಚ್ಚುವುದಕ್ಕೆಂದು ಅದರ ಅಂಚಿಗೆ ನಾಲಗೆ ತಾಗಿಸಿದಾಗ ಗೋಂದಿನ ರುಚಿ ಹತ್ತಿತು. ಲಕೋಟೆಯನ್ನು ಕೆಳಗಿಟ್ಟು ಮತ್ತೆ ಬರೆಯಲು ಕುಳಿತಿದ್ದೇನೆ.

ಯುಗಾದಿಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಕಣ್ಣುನೋವೆಂದು ಎರಡೇ ಸಾಲು ಬರೆದೆ. ಕಣ್ಣು ಚೆನ್ನಾಗಿಯೇ ಇತ್ತು. ಅದನ್ನು ಮೊದಲು ಕ್ಷಮಿಸು. ಎರಡನೆಯ ಮಗಳಿಗೆ ಮುಳಬಾಗಿಲಿನ ಕಡೆ ಸಂಬಂಧ ಕುದುರಿತೆಂದು ತಿಳಿದು ಸಂತೋಷವಾಯಿತು. ಹುಡುಗಿ ಓದು ನಿಲ್ಲಿಸದ ಹಾಗೆ ನೋಡಿಕೋ. ಇಲ್ಲಿ ಎರಡು ಮಳೆ ಬಿದ್ದಿದೆ. ಶಾಲೆ ಇನ್ನೂ ಛತ್ರದ ಹಿಂದಿನ ಆ ಬಾಡಿಗೆ ಮನೆಯಲ್ಲೇ ಇದೆ. ನನ್ನ ವಾಸ ಅದರ ಕೊನೆಯ ಕೋಣೆಯಲ್ಲಿ. ಜವಾನ ಸೊಣ್ಣಪ್ಪನ ಕೋಳಿಗಳು ಈಗಲೂ ಹಿತ್ತಲಿಂದ ತರಗತಿಗೆ ಬಂದು ಹಾಜರಿ ಹಾಕುತ್ತವೆ.

ನೀನು ಕೇಳಿದ್ದಕ್ಕೆ ಉತ್ತರ ಜೊತೆಯ ಹಾಳೆಗಳಲ್ಲಿದೆ. ಮರದ ಕೆಲಸಕ್ಕೆ ಮರವಜ್ರವೇ ಸರಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ನೇರ ಉರಿಗೆ ಇಟ್ಟರೆ ಅದರ ಹಿಡಿತ ಹೋಗುತ್ತದೆ. ಚರ್ಮ ಬೇಯಿಸಿ ಮಾಡುವ ವಸ್ತುವಾದ್ದರಿಂದ ಕೆಲವು ಮನೆಯವರು ಮಕ್ಕಳಿಗೆ ಮುಟ್ಟಗೊಡುವುದಿಲ್ಲ. ಅದನ್ನು ಪುಸ್ತಕದಲ್ಲಿ ಮುಚ್ಚಿಡಬೇಡ. ಬಣ್ಣದ ಮರದ ಆಟಿಕೆಗೆ ಅರಗು, ಮಡಕೆಯ ಬಿರುಕಿಗೆ ಎಣ್ಣೆಯಲ್ಲಿ ಕಾಯಿಸಿದ ರಾಳ. ಜಾಲಿ ಅಂಟು ಕಾಗದಕ್ಕೆ ಒಳ್ಳೆಯದು, ಆದರೆ ಬೇಸಗೆಯಲ್ಲಿ ಒಣಗಿ ಬಿಟ್ಟುಕೊಳ್ಳುತ್ತದೆ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಕಾಯಿಸಿದರೆ ಗೊಂಬೆಗೂ ರಟ್ಟಿಗೂ ಅದನ್ನು ಮೀರಿಸುವ ಅಂಟಿಲ್ಲ. ಬಿಳಿ ಕಾಗದದ ಮೇಲೆ ಮಾತ್ರ ಕಂದು ಕಲೆ ಬಿಡುತ್ತದೆ. ಈ ಕಲೆಯ ಮಾತನ್ನು ನೆನಪಿಟ್ಟುಕೋ.

ಹಿಂದೆ ಕಳಿಸಿದ ಕರಡಿನಲ್ಲಿ ಮರವಜ್ರಕ್ಕೆ ಎರಡು ಪುಟ ಕೊಟ್ಟವಳು ಹಿಟ್ಟಿನ ಅಂಟಿನ ಪುಟವನ್ನೇಕೆ ಖಾಲಿ ಬಿಟ್ಟೆ, ಬಡ ಶಾಲೆಗಳು ಬಳಸುವುದು ಅದನ್ನೇ ಅಲ್ಲವೇ ಎಂದು ನೀನು ಬರೆದಿದ್ದೀಯ. ಉತ್ತರವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆ. ನಮಗಿಬ್ಬರಿಗೂ ಅದು ಸುಲಭ, ಕೋಲಾರದ ಬೋರ್ಡಿಂಗಿನ ಅಭ್ಯಾಸ. ಓದಿ ನೋಡಿದರೆ ಎಲ್ಲೋ ಯಾರಿಗೋ ಆದದ್ದರಂತೆ ಕಂಡಿತು. ಹರಿದುಹಾಕಿದೆ.

ಇದು ನಡೆದದ್ದು ನಲವತ್ತಮೂರರ ನವೆಂಬರಿನಲ್ಲಿ. ಯುದ್ಧದ ಕಾಲ, ರೇಷನ್ನಿನಲ್ಲಿ ಅಕ್ಕಿ ಸಾಲದೆ ಗೋಧಿ ಕೊಡುತ್ತಿದ್ದರು, ನಮ್ಮ ಜನಕ್ಕೆ ಗೋಧಿಯನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಶಾಲೆಯ ಸಮಿತಿಯವರೊಬ್ಬರು ಹುಳ ಹಿಡಿದ ಒಂದು ಚೀಲ ಗೋಧಿ ಹಿಟ್ಟನ್ನು ಅಂಟಿಗಾದರೂ ಆಗಲಿ ಎಂದು ಕಳಿಸಿದರು. ಜನವರಿಯಲ್ಲಿ ಕೋಲಾರದಲ್ಲಿ ಕೈಕೆಲಸದ ಪ್ರದರ್ಶನವಿತ್ತು. ಹದಿನಾಲ್ಕು ಹುಡುಗಿಯರು ರಟ್ಟಿನ ಡಬ್ಬಗಳಿಗೆ ಬಿಳಿ ಕಾಗದ ಅಂಟಿಸಿ, ಮೇಲೆ ಹೂ ಬರೆಯಬೇಕೆಂದು ಗೊತ್ತುಮಾಡಿದೆ. ಒಂದು ವಾರ ಕಳೆಯುವಷ್ಟರಲ್ಲಿ ಸೊಣ್ಣಪ್ಪ ಬಂದು ಬಾಗಿಲಲ್ಲಿ ನಿಂತ.

"ಅಮ್ಮಾವ್ರೇ, ದಿನಾ ಒಂದು ಬೋಗುಣಿ ಅಂಟು ಕಾಯ್ಸಿ ಕೊಡ್ತೀನಿ. ಸಾಯಂಕಾಲ ಬೋಗುಣಿ ತೊಳ್ಯೋ ಹಂಗೇ ಇಲ್ಲ, ಅಷ್ಟು ಸಾಫು. ಡಬ್ಬ ನೋಡಿದ್ರೆ ನಾಕೋ ಐದೋ. ಉಪ್ಪು ಹಾಕಿಲ್ಲ ಅನ್ನೋದೊಂದೇ ಅವ್ರ ಕಂಪ್ಲೇಂಟು."

ನಾನು ನಕ್ಕೆ. ಮಾರನೆಯ ದಿನ ತರಗತಿಯಲ್ಲಿ ಕುಳಿತು ನೋಡಿದೆ. ಮುತ್ಯಾಲು ಎಂಬ ಒಂಬತ್ತು ವರ್ಷದ ಹುಡುಗಿ, ಟೇಕಲ್ ಕಡೆಯಿಂದ ಬಂದು ಇಲ್ಲಿ ಕಾಳು ಕೇರುವ ಕೂಲಿ ಮಾಡುತ್ತಿದ್ದ ಆವಲಮ್ಮನ ಮಗಳು, ಬೆರಳನ್ನು ಅಂಟಿಗೆ ಅದ್ದಿ ಒಮ್ಮೆ ಕಾಗದಕ್ಕೆ ಸವರುವಳು, ಒಮ್ಮೆ ಬಾಯಿಗಿಡುವಳು. ಅವಸರವಿರಲಿಲ್ಲ. ಕಾಗದಕ್ಕೆ ಮೋಸವಾಗದ ಹಾಗೆ ಲೆಕ್ಕವಿಟ್ಟು ಮಾಡುತ್ತಿದ್ದಳು. ಅವಳೊಬ್ಬಳೇ ಅಲ್ಲ, ಮುಕ್ಕಾಲು ಪಾಲು ಹುಡುಗಿಯರು ಹಾಗೆಯೇ ಮಾಡುತ್ತಿದ್ದರು. ಕಾಯಿಸಿದ ಹಿಟ್ಟು ಗಂಜಿಯಲ್ಲದೆ ಮತ್ತೇನು?

ತಿನ್ನಬೇಡಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಿನಗೆ ನೆನಪಿದೆಯೇ, ಬೋರ್ಡಿಂಗಿನಲ್ಲಿ ಕೈಕೆಲಸದ ಮಿಸ್ಸು ನಿನಗೆ ಬೇರೆ ಲಂಗವಿಲ್ಲವೇ ಎಂದು ಎಲ್ಲರೆದುರು ಕೇಳಿದ್ದು? ಅವರು ಕೇಳಿದ್ದು ಕೊಡಿಸುವುದಕ್ಕೆಂದೇ. ಆದರೂ ನೀನು ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ಅಂಟು ತಿನ್ನಬೇಡಿ ಎಂದರೆ ನಿಮಗೆ ಹಸಿವಾಗಿದೆ ಎಂದು ತರಗತಿಯಲ್ಲಿ ಕೂಗಿ ಹೇಳಿದಂತೆ ಎಂದುಕೊಂಡೆ. ಆ ಸೂಕ್ಷ್ಮ ನನಗಿದೆಯಲ್ಲ ಎಂದು ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ತೋರುತ್ತದೆ. ಈಗ ಅದನ್ನು ಸೂಕ್ಷ್ಮವೆನ್ನಬೇಕೋ ಹೇಡಿತನವೆನ್ನಬೇಕೋ, ಎಷ್ಟು ಯೋಚಿಸಿದರೂ ನನಗೆ ಗೊತ್ತಾಗುವುದಿಲ್ಲ.

ಬೇರೆ ಅಂಟಿಗೆ ಬದಲಾಯಿಸಬಹುದಿತ್ತು. ಮರವಜ್ರವನ್ನು ತಾಯಂದಿರು ಒಪ್ಪುತ್ತಿರಲಿಲ್ಲ. ಜಾಲಿ ಅಂಟು ಅಂಗಡಿಯಲ್ಲಿ ಸಿಕ್ಕುತ್ತಿರಲಿಲ್ಲ. ಹುಣಸೆ ಬೀಜಕ್ಕೇನು ಬರ ಮಾಲೂರಿನಲ್ಲಿ? ಸೊಣ್ಣಪ್ಪನೇ ಹೇಳಿದ, ಒಂದು ಮೂಟೆ ತಂದುಕೊಡುತ್ತೇನೆಂದು. ಬೇಡವೆಂದೆ. ಕಾರಣ ಆ ಕಂದು ಕಲೆ. ಪ್ರದರ್ಶನದಲ್ಲಿ ನನ್ನ ಡಬ್ಬಗಳು ಬೆಳ್ಳಗಿರಬೇಕಾಗಿತ್ತು.

ಮಿಸ್ಸು ಊರಿಗೆ ಹೋಗುವಾಗ ನನಗೆ ಕೊಟ್ಟುಹೋದ ಆ ದಪ್ಪ ಇಂಗ್ಲಿಷ್ ಪುಸ್ತಕ, ಮನೆವಾರ್ತೆ ಕೈಕೆಲಸ ಎರಡೂ ಇರುವಂಥದ್ದು, ನೀನು ನೋಡಿದ್ದೀಯ. ಹಿಟ್ಟಿನ ಅಂಟಿಗೆ ಹುಳ ಬೀಳದಂತೆ ಒಂದು ಚಿಟಿಕೆ ಮೈಲುತುತ್ತ ಹಾಕಿ ಎಂದು ಅದರಲ್ಲಿದೆ. ರಟ್ಟು ಕಟ್ಟುವವರೆಲ್ಲ ಹಾಕುತ್ತಾರೆ. ಆ ನೀಲಿ ಹರಳನ್ನು ತರಿಸಿ, ಪುಡಿ ಮಾಡಿ, ಮೊದಲ ದಿನ ಒಂದು ಚಿಟಿಕೆ ಹಾಕಿದೆ. ಯಾರಿಗೂ ರುಚಿ ಗೊತ್ತಾದಂತೆ ಕಾಣಲಿಲ್ಲ. ಮಾರನೆಯ ದಿನ ಚಮಚದಲ್ಲಿ ಹಾಕಿದೆ. ಎಷ್ಟು ಎಂದು ಕೇಳಬೇಡ, ನಾನು ಅಳೆಯಲಿಲ್ಲ. ನಾನು ಆಡದ ಮಾತನ್ನು ಆ ಕಹಿಯೇ ಆಡಲಿ, ಬಾಯಿಗಿಟ್ಟವರು ತಾವೇ ಬಿಡುತ್ತಾರೆ ಎಂಬುದು ನನ್ನ ಯೋಚನೆ. ಸೊಣ್ಣಪ್ಪನಿಗೂ ಮಕ್ಕಳಿಗೂ ಹುಳದ ಔಷಧಿ ಎಂದಷ್ಟೇ ಹೇಳಿದೆ. ಕಾಗದ, ನೀಲಿಯಲ್ಲಿ ಅದ್ದಿ ತೆಗೆದ ಪಂಚೆಯ ಹಾಗೆ, ಮುಂಚಿಗಿಂತ ಬೆಳ್ಳಗೆ ಕಂಡಿತು.

ಹುಡುಗಿಯರು ಬಿಟ್ಟರು, ನಿಜ. ಮುತ್ಯಾಲು ಬಿಡಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವಳು ಎಷ್ಟೋ ದಿನದ ಮೇಲೆ ನನಗೆ ಹೇಳಿದಳು: ಇದು ಕಹಿ, ಬೇಡ ಕಣೇ ಎಂದು ಇವಳು ಅಂದಿದ್ದಕ್ಕೆ ಮುತ್ಯಾಲು, "ಕಹಿ ಆದ್ರೇನು, ಬೆಚ್ಚಗದೆಯಲ್ಲ" ಎಂದಳಂತೆ. ಬೇರೆಯವರು ಬಿಟ್ಟದ್ದೂ ಅವಳ ಪಾಲಿಗೆ ಬಂದಿತು. ಅಂಟು ಕಹಿಯಾದಷ್ಟೂ ಅವಳಿಗೆ ಹೆಚ್ಚು ಸಿಕ್ಕಿತು ಎಂಬುದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಬುಧವಾರ ಮಧ್ಯಾಹ್ನ ಜಗಲಿಯ ಮೇಲೆ ವಾಂತಿ ಮಾಡಿಕೊಂಡಳು. ಆ ತಿಂಗಳು ಊರಿನ ಎರಡು ಬೀದಿಗಳಲ್ಲಿ ಕಾಲರಾ ಇತ್ತು. ಮಕ್ಕಳು ಚೀರಿ ಹಿಂದೆ ಸರಿದರು, ಸೊಣ್ಣಪ್ಪನೂ ಮೆಟ್ಟಿಲಿಳಿದು ನಿಂತ. ನಾನು ಹೋಗಿ ಎತ್ತಿಕೊಂಡೆ, ಬಾಯಿ ಒರೆಸಿದೆ, ನೆಲ ಒರೆಸಿದೆ. ತಾಯಿಗೆ ಹೇಳಿಕಳಿಸಿದೆ, ಡಾಕ್ಟರಿಗೂ ಹೇಳಿಕಳಿಸಿದೆ. ಡಾಕ್ಟರು ಕಾಲರಾ ಎಂದು ಬರೆದುಕೊಂಡು, ಉಪ್ಪುನೀರು ಕೊಡಲು ಹೇಳಿ ಬೇರೆ ಮನೆಗಳಿಗೆ ಹೋದರು. ಗುರುವಾರ ಸಂಜೆ ದೀಪ ಹಚ್ಚುವುದರೊಳಗೆ ಅವಳು ಹೋಗಿಬಿಟ್ಟಿದ್ದಳು.

ಕಾಲರಾ ಆಗಿರಬಹುದು, ರತ್ನ. ಅದೇ ವಾರ ಏಳು ಜನ ಹೋದರು. ಹೊಟ್ಟೆ ತುಂಬಿದ ಮಗು ತಡೆದುಕೊಳ್ಳುವುದನ್ನು ಹಸಿದ ಮಗು ತಡೆದುಕೊಳ್ಳದೆ ಇರಬಹುದು. ಎರಡೂ ಸೇರಿರಬಹುದು. ನಾನು ಇಂಥ ವಾಕ್ಯಗಳನ್ನು ಎರಡೂವರೆ ವರ್ಷದಿಂದ ಕಟ್ಟುತ್ತಿದ್ದೇನೆ. ಒಂದೊಂದೂ ಎರಡು ದಿನ ನಿಲ್ಲುತ್ತದೆ.

ಡಬ್ಬಗಳು ಕೋಲಾರಕ್ಕೆ ಹೋದವು, ಎರಡನೆಯ ಬಹುಮಾನ ಬಂತು. ಪ್ರದರ್ಶನ ಮುಗಿದ ಮೇಲೆ ಸೊಣ್ಣಪ್ಪ, ಉಳಿದ ಹಿಟ್ಟನ್ನು ಏನು ಮಾಡಲಿ ಎಂದು ಕೇಳಿದ. ಜರಡಿ ಹಿಡಿದು, ಉಪ್ಪು ಹಾಕಿ, ಗಂಜಿ ಕಾಯಿಸಿ ಮಕ್ಕಳಿಗೆ ಕೊಡಬಹುದಿತ್ತು ಎಂದು ನನ್ನ ತಲೆಗೆ ಮೊದಲ ಸಲ ಬಂದದ್ದು ಆವಾಗ. ಹದಿನಾಲ್ಕು ವರ್ಷ ಓದಿದ ತಲೆ ಇದು. ಮುತ್ಯಾಲು ಮಾಡಿದ ಡಬ್ಬ ನನ್ನ ಬೀರುವಿನಲ್ಲಿದೆ. ಎರಡು ಮಳೆಗಾಲ ಕಳೆದರೂ ಒಂದು ಹುಳ ಅದನ್ನು ಮುಟ್ಟಿಲ್ಲ.

ಇದೆಲ್ಲ ಈಗೇಕೆ ಎಂದರೆ, ನಿನ್ನ ಪುಸ್ತಕ ಅಚ್ಚಿಗೆ ಹೋಗುತ್ತಿದೆ ಎಂಬುದೊಂದು. ಇನ್ನೊಂದು, ಹೋದ ಶುಕ್ರವಾರ ಆವಲಮ್ಮ ಬಂದಿದ್ದಳು. ಸೆರಗಿನ ಹಿಂದೆ ಅವಿತುಕೊಂಡು ಎರಡನೆಯ ಮಗಳು ಕದಿರಮ್ಮ. ಏಳು ವರ್ಷವಿರಬಹುದು. ಅಕ್ಕನ ಹಣೆ, ಅಕ್ಕನ ಬೆರಳು.

"ಮುಂದಕ್ಕೆ ಬಾರೇ, ಟೀಚರಮ್ಮ ಏನ್ ಕಚ್ತಾರಾ?" ಎಂದು ಮಗಳನ್ನು ಎಳೆದು ನಿಲ್ಲಿಸಿದಳು. ಹತ್ತನೇ ತಾರೀಖು ಸೋಮವಾರ ಶಾಲೆ ತೆರೆಯುತ್ತದಲ್ಲ, ಸೇರಿಸಿಕೊಳ್ಳಿ ಎಂದಳು. ಟೇಕಲ್ಲಿನಲ್ಲಿರುವ ತನ್ನ ಅಣ್ಣ, ಹೆಣ್ಣುಹುಡುಗಿಗೆ ಓದೇಕೆ, ದನ ಕಾಯಲು ಕಳಿಸು ಎನ್ನುತ್ತಿದ್ದಾನಂತೆ. ಇವಳು ಒಪ್ಪಿಲ್ಲ. ಕಾರಣವನ್ನೂ ಹೇಳಿದಳು.

"ಅವತ್ತು ಬೇನೆ ಅಂತ ಎಲ್ಲಾರೂ ದೂರ ನಿಂತ್ಕೊಂಡ್ರು ಟೀಚರಮ್ಮಾ. ನೀವು ಒಬ್ರೇ ನಿಮ್ ಸೆರಗಲ್ಲಿ ಒರ್ಸಿ, ತೊಡೆ ಮೇಲೆ ಹಾಕ್ಕೊಂಡ್ರಿ. ಹೆತ್ತೋಳು ನಾನು ಬರೋಗಂಟ ನೀವೇ ತಾಯಿ ಆದ್ರಿ. ಅದ್ಕೇ ಈ ಬಿಡ್ಡನ್ನೂ ನಿಮ್ ಕೈಗೇ ಒಪ್ಪಿಸ್ತೀನಿ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಸೋಮವಾರ ಬೆಳಿಗ್ಗೆ ಬಾ ಎಂದೆ.

ಹೇಳಿದರೆ ಅವಳು ಮಗಳನ್ನು ಕರೆದುಕೊಂಡು ಹೋಗುತ್ತಾಳೆ, ಮಗು ದನದ ಹಿಂದೆ ಹೋಗುತ್ತದೆ. ಹೇಳದಿದ್ದರೆ ಇಲ್ಲಿ ಅಕ್ಷರ ಕಲಿಯುತ್ತದೆ, ದಿನವೂ ನನ್ನನ್ನು ನೋಡುತ್ತ. ಹೇಳದಿರುವುದೇ ಮಗುವಿಗೆ ಒಳ್ಳೆಯದು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ನನಗೆ ಅನುಕೂಲವಾದ ತೀರ್ಮಾನ ಎಷ್ಟು ಸಲೀಸಾಗಿ ಒಳ್ಳೆಯದೂ ಆಗಿಬಿಡುತ್ತದೆ ನೋಡು. ನಲವತ್ತನಾಲ್ಕು ವರ್ಷಕ್ಕೆ ನನ್ನ ಬಗ್ಗೆ ಇಷ್ಟು ತಿಳಿದುಕೊಂಡಿದ್ದೇನೆ. ತಿಳಿದದ್ದರಿಂದ ಏನೂ ಬದಲಾಗಲಿಲ್ಲ.

ನಿನ್ನ ಖಾಲಿ ಪುಟಕ್ಕೆ ಇಷ್ಟು ಬರೆದುಕೋ. ಒಂದು ಪಾಲು ಹಿಟ್ಟು, ಆರು ಪಾಲು ನೀರು, ಸ್ವಲ್ಪ ಉಪ್ಪು. ಗಂಟಾಗದಂತೆ ತಿರುವಿ ಕಾಯಿಸಬೇಕು. ಅಂದಿನದನ್ನು ಅಂದೇ ಮಾಡಬೇಕು, ಬೇರೇನನ್ನೂ ಬೆರೆಸಬಾರದು. ಮಾಡಿದ ವಸ್ತು ಎರಡು ವರ್ಷದಲ್ಲಿ ಹುಳ ಹಿಡಿದು ಹಾಳಾಗುತ್ತದೆ. ಆಗಲಿ. ಬೋಗುಣಿ ಸಂಜೆಗೆ ಸಾಫಾಗಿದ್ದರೆ ಉಪಾಧ್ಯಾಯಿನಿ ಮೊದಲು ಮಕ್ಕಳಿಗೆ ಊಟದ ದಾರಿ ನೋಡಲಿ, ಡಬ್ಬ ಆಮೇಲೆ. ಈ ಕೊನೆಯ ಸಾಲು ಕೈಕೆಲಸದ ಪುಸ್ತಕಕ್ಕೆ ಹೊಂದುವುದಿಲ್ಲವೆಂದು ಅಚ್ಚುಕೂಟದವರು ಹೇಳಿದರೆ ಪುಟವನ್ನು ಖಾಲಿಯೇ ಬಿಡು. ಕೆಳಗೆ ನನ್ನ ಹೆಸರು ಹಾಕಬೇಡ.

ಮದುವೆಯಾಗುವ ಮಗುವಿಗೆ ನನ್ನ ಆಶೀರ್ವಾದ. ಹೊಟ್ಟೆ ತುಂಬಿದ ಮನೆ ಅವಳದಾಗಲಿ, ಬಾಗಿಲಿಗೆ ಬಂದವರನ್ನು ಊಟವಾಯಿತೇ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಅವಳಿಗಿರಲಿ. ನೀನು ನನ್ನನ್ನು ಸಮಾಧಾನಪಡಿಸಿ ಬರೆಯಬೇಡ. ಬರೆದರೆ ನಂಬಿಬಿಡುತ್ತೇನೆ ಎಂಬ ಹೆದರಿಕೆ.

ನಿನ್ನ
ಶಾಮಲ

ತಾ. ಕ. — ಮೇಲಿನದನ್ನು ಮತ್ತೊಮ್ಮೆ ಓದಿದೆ. ಎಲ್ಲವನ್ನೂ ಹೇಳಿದವಳಂತೆ ಸಹಿ ಹಾಕಿದ್ದೇನೆ. ಹೇಳಿಲ್ಲ.

ಡಾಕ್ಟರು ಬಂದಾಗ ನೆಲ ಒಣಗಿತ್ತು. ನನ್ನ ಸೆರಗನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿದ್ದೆ. ಮಗುವಿನ ನಾಡಿ ಹಿಡಿದುಕೊಂಡೇ ಅವರು, ವಾಂತಿಯ ಬಣ್ಣ ಹೇಗಿತ್ತಮ್ಮ ಎಂದು ಕೇಳಿದರು. ನೀಲಿಯಾಗಿತ್ತು, ರತ್ನ. ಹಸಿರು ಕಲೆತ ನೀಲಿ. ಅದನ್ನು ನೋಡಿದ ಕ್ಷಣದಲ್ಲೇ ನನಗೆ ಗೊತ್ತಾಗಿತ್ತು, ಗೊತ್ತಾದದ್ದರಿಂದಲೇ ಅಷ್ಟು ಬೇಗ ಒರೆಸಿದೆ. ಕಾಲರಾ ಹೇಗಿರುತ್ತದೆಂದು ಪೇಟೆಯಲ್ಲೆಲ್ಲ ನೋಟೀಸು ಅಂಟಿಸಿದ್ದರು, ನಾನು ಓದಿದ್ದೆ. "ಅಕ್ಕಿ ತೊಳೆದ ನೀರಿನ ಹಾಗಿತ್ತು" ಎಂದೆ. ಅವರು ಅದನ್ನೇ ಬರೆದುಕೊಂಡರು.

ಮಿಸ್ಸಿನ ಪುಸ್ತಕದಲ್ಲಿ ಅಂಟಿನ ಮುಂದಿನ ಪುಟವನ್ನು ನಾನು ತಿರುವಿದ್ದು ಅವಳು ಹೋದ ಮೇಲಿನ ಶನಿವಾರ. ಮೈಲುತುತ್ತ ಹೊಟ್ಟೆಗೆ ಹೋದರೆ ಮೊಟ್ಟೆಯ ಬಿಳಿಯನ್ನು ಹಾಲಿನಲ್ಲಿ ಕದಡಿ ಮೇಲಿಂದ ಮೇಲೆ ಕುಡಿಸಬೇಕು ಎಂದಿತ್ತು. ಸೊಣ್ಣಪ್ಪನ ಕೋಳಿಗಳು ಆಗಲೂ ಹಿತ್ತಲಲ್ಲಿದ್ದವು.

ಕಳಿಸುವ ದಿನವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇದೂ ಬೀರು ಸೇರುತ್ತದೆ. ಆವಲಮ್ಮ ಬಂದು ಮಗಳನ್ನು ಬಿಟ್ಟು ಹೋದ ಮೇಲೆ, ಕದಿರಮ್ಮನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದ ಮೇಲೆ, ಸಂಜೆಯ ಟಪಾಲಿಗೆ ಹಾಕುತ್ತೇನೆ: ಸೋಮವಾರ, ೧೦ನೇ ಜೂನ್ ೧೯೪೬.